ಅಲಾರಂ ಊರಿಗೂ ಕೇಳಿಸಲಿ

ಖಾನಾಪುರ ತಾಲ್ಲೂಕಿನ ಕಾಡಂಚಿನ ಊರೊಂದರಲ್ಲಿ ಮೊಬೈಲ್ ಟವರ್ ಬಂದ್ ಬಿದ್ದರೆ ಆ ಸುದ್ದಿ ಮೊದಲು ಮುಟ್ಟುವುದು ಆ ಊರಿಗಲ್ಲ. ಎಲ್ಲೋ ದೂರದ ಮಹಾನಗರದಲ್ಲಿರುವ ಎಸಿ ಕೋಣೆಯ ಪರದೆಗೆ ಮುಟ್ಟುತ್ತದೆ. ಅಲ್ಲಿ ಒಂದು ಸಾಲು ಕೆಂಪಾಗುತ್ತದೆ. ಟವರಿನ ನಂಬರು, ಗಂಟೆ, ನಿಮಿಷ, ಸೆಕೆಂಡು ಎಲ್ಲ ದಾಖಲಾಗುತ್ತದೆ. ಇತ್ತ ಊರಿನವರು ದಿಬ್ಬ ಹತ್ತಿ ಫೋನನ್ನು ಮೇಲಕ್ಕೆ ಹಿಡಿಯುತ್ತಾರೆ, ಆಫ್ ಮಾಡಿ ಆನ್ ಮಾಡುತ್ತಾರೆ, ಸಿಮ್ ತೆಗೆದು ಅಂಗಿಗೆ ಒರೆಸಿ ಮತ್ತೆ ಹಾಕುತ್ತಾರೆ. ತಪ್ಪು ತಮ್ಮ ಫೋನಿನದಲ್ಲ ಎಂದು ಖಾತ್ರಿಯಾಗುವ ಹೊತ್ತಿಗೆ ಅರ್ಧ ದಿನ ಹೋಗಿರುತ್ತದೆ. ಯಾವಾಗ ಹೋಯಿತು, ಯಾಕೆ ಹೋಯಿತು, ಯಾವಾಗ ಬಂದೀತು ಎಂದು ಅವರಿಗೆ ಹೇಳುವವರು ಯಾರೂ ಇಲ್ಲ.

ನಾನು ಬೆಳಗಾವಿಯಲ್ಲಿ ಟ್ರಂಕ್ ಬೋರ್ಡಿನ ಆಪರೇಟರ್ ಆಗಿ ನೌಕರಿಗೆ ಸೇರಿ, ಆಮೇಲೆ ಇಲಾಖೆಯ ಪರೀಕ್ಷೆ ಕಟ್ಟಿ ಟ್ರಾನ್ಸ್‌ಮಿಷನ್ ರೂಮಿಗೆ ಹೋದವಳು. ಅಲಾರಂ ನೋಡುವುದು, ಬರೆದಿಡುವುದು, ಅದರ ಬೆನ್ನು ಹತ್ತುವುದು ನಿವೃತ್ತಿಯವರೆಗೂ ನನ್ನ ಕೆಲಸವಾಗಿತ್ತು. ಆ ಅನುಭವದ ಮೇಲೆ ಒಂದು ಮಾತು ಹೇಳಬೇಕಿದೆ. ಸಂಪರ್ಕ ಕಡಿದಿದೆ ಎಂಬ ಸುದ್ದಿ ಕಂಪನಿಯ ಸ್ವಂತ ಆಸ್ತಿಯಲ್ಲ. ಆ ಸಂಪರ್ಕವನ್ನು ನಂಬಿ ಕೂತ ಊರಿಗೂ ಅದು ಅದೇ ಹೊತ್ತಿಗೆ ಮುಟ್ಟಬೇಕು. ಹಾಗೆಯೇ, ಎಷ್ಟು ಹೊತ್ತು ಕಡಿದಿತ್ತು ಎಂಬ ಲೆಕ್ಕವನ್ನು ಜಿಲ್ಲೆಯ ಮೇಲೆ ಇಡಬಾರದು, ಟವರಿನ ಮೇಲೆ ಇಡಬೇಕು.

ಟ್ರಂಕ್ ಬೋರ್ಡಿನ ಕಾಲದಲ್ಲಿ ಅಲಾರಂ ಎಂದರೆ ನಮ್ಮ ಗಂಟಲೇ. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು, 'ಹಲೋ ಖಾನಾಪುರ, ನಿಮ್ಮ ದನಿ ಕೇಳವಲ್ದು, ಜೋರ ಮಾತಾಡ್ರಿ' ಎಂದು ಕೂಗುವುದು. ಆ ಕಡೆಯವರಿಗೂ ಕೇಳದಿದ್ದರೆ ಲೈನ್‌ಮನ್ ಸೈಕಲ್ ಹತ್ತಿ ಕಂಬ ನೋಡಲು ಹೊರಡುತ್ತಿದ್ದ. ಡಿಜಿಟಲ್ ಬಂದಾಗ ಈ ಕೂಗು ಯಂತ್ರದ ಒಳಗೇ ಸೇರಿತು. ನಮ್ಮ ರೂಮಿಗೆ ಬಂದ ಇ1 ಎಂಬ ಲಿಂಕು ಸೆಕೆಂಡಿಗೆ 20 ಲಕ್ಷ 48 ಸಾವಿರ ಬಿಟ್‌ಗಳನ್ನು ಒಯ್ಯುತ್ತದೆ. ಅದರಲ್ಲಿ 32 ಅಂಕಣಗಳು. 30 ಅಂಕಣ ಜನರ ಮಾತಿಗೆ, ಒಂದು ಅಂಕಣ ನಂಬರು ತಿರುಗಿಸಿದ್ದು, ಗಂಟೆ ಬಾರಿಸಿದ್ದು ಇತ್ಯಾದಿ ಸೂಚನೆಗಳಿಗೆ. ಮೊದಲನೆಯ ಅಂಕಣ, ಅಂದರೆ ಸೊನ್ನೆಯ ಅಂಕಣ, ಯಾರ ಮಾತಿಗೂ ಅಲ್ಲ. ಅದು ಎರಡು ಯಂತ್ರಗಳು ಪರಸ್ಪರ ಕ್ಷೇಮ ವಿಚಾರಿಸಿಕೊಳ್ಳಲು ಮೀಸಲು. ಸೆಕೆಂಡಿಗೆ 8,000 ಫ್ರೇಮುಗಳು ಹೋಗುತ್ತವೆ. ಒಂದು ಬಿಟ್ಟು ಒಂದರಲ್ಲಿ 0011011 ಎಂಬ ಗುರುತು ಇರಲೇಬೇಕು. ಅದು ಸತತವಾಗಿ ಮೂರು ಸಲ ತಪ್ಪಿದರೆ ಈ ಕಡೆಯ ಯಂತ್ರ ಹಿಡಿತ ತಪ್ಪಿತೆಂದು ಒಪ್ಪಿಕೊಳ್ಳುತ್ತದೆ, ದೀಪ ಹಚ್ಚುತ್ತದೆ, ಬಝರ್ ಬಾರಿಸುತ್ತದೆ.

ಆದರೆ ನನಗೆ ಇಂದಿಗೂ ಮೆಚ್ಚುಗೆಯಾಗುವುದು ಅದು ಆಮೇಲೆ ಮಾಡುವ ಕೆಲಸ. ತನಗೆ ಏನೂ ಕೇಳುತ್ತಿಲ್ಲ ಎಂದು ಗೊತ್ತಾದ ಕೂಡಲೇ ಆ ಯಂತ್ರ ಸೊನ್ನೆಯ ಅಂಕಣದಲ್ಲಿ ಒಂದೇ ಒಂದು ಬಿಟ್ಟನ್ನು ಸೊನ್ನೆಯಿಂದ ಒಂದಕ್ಕೆ ತಿರುಗಿಸಿ ಎದುರಿನವರಿಗೆ ಕಳಿಸುತ್ತದೆ. 'ನೀವು ಕಳಿಸಿದ್ದು ನನಗೆ ಬರುತ್ತಿಲ್ಲ' ಎಂಬುದು ಅದರ ಅರ್ಥ. ಎದುರಿನವರ ರೂಮಿನಲ್ಲಿ ಎಲ್ಲವೂ ಸರಿಯಾಗಿ ಕಂಡರೂ, ಅವರ ದನಿ ಇಲ್ಲಿಗೆ ಮುಟ್ಟುತ್ತಿಲ್ಲ ಎಂದು ಅವರಿಗೆ ತಿಳಿಯುತ್ತದೆ. ನಡುದಾರಿಯಲ್ಲಿರುವ ಯಂತ್ರದ ಕರ್ತವ್ಯ ಇನ್ನೊಂದು. ಹಿಂದಿನಿಂದ ಸಿಗ್ನಲ್ ನಿಂತರೆ ಅದು ತಾನೂ ಸುಮ್ಮನಾಗಿಬಿಡುವುದಿಲ್ಲ. ಬರೀ ಒಂದು, ಒಂದು, ಒಂದು ಎಂದು ಮುಂದಕ್ಕೆ ಕಳಿಸುತ್ತಲೇ ಇರುತ್ತದೆ. ಅದನ್ನು ಎಐಎಸ್ ಎನ್ನುತ್ತಿದ್ದೆವು. ತಂತಿ ಸರಿಯಿದೆ, ತೊಂದರೆ ನನಗಿಂತ ಹಿಂದೆ ಇದೆ, ನೀವು ನಿಮ್ಮ ಕಡೆ ಹುಡುಕುತ್ತ ಕೂರಬೇಡಿ ಎಂದು ಅದು ಮುಂದಿನವರಿಗೆ ಹೇಳುವ ರೀತಿ ಅದು. ಅಮೆರಿಕದ ಪುಸ್ತಕಗಳಲ್ಲಿ ಇವಕ್ಕೆ ಕೆಂಪು, ಹಳದಿ, ನೀಲಿ ಎಂದು ಬಣ್ಣದ ಹೆಸರುಗಳಿವೆ. ನಮ್ಮ ರೂಮಿನಲ್ಲಿ ಬಣ್ಣಕ್ಕಿಂತ ಅಕ್ಷರಗಳೇ ಬಳಕೆಯಲ್ಲಿದ್ದವು.

ಖಾನಾಪುರದ ಕಡೆ ಒಬ್ಬ ಹಿರಿಯ ಲೈನ್‌ಮನ್ ಇದ್ದರು. ಮರಾಠಿ ಮನೆಮಾತಿನವರು, ಕನ್ನಡ ನನಗಿಂತ ಚೊಕ್ಕ. ಜಾಂಬೋಟಿ ಕಡೆಯ ಲಿಂಕಿನಲ್ಲಿ ಎಐಎಸ್ ಬಂತೆಂದರೆ ನಾನು ಆರ್ಡರ್‌ವೈರ್ ಮೇಲೆ, ಅಂದರೆ ಸಿಬ್ಬಂದಿಗೆಂದೇ ಇದ್ದ ಫೋನ್ ಲೈನಿನ ಮೇಲೆ, ಅವರನ್ನು ಹಿಡಿಯುತ್ತಿದ್ದೆ.

'ಕಾಕಾ, ನಿಮ್ಮಲ್ಲಿ ಲೂಪ್ ಹಾಕ್ರಿ.'

'ಹಾಕೇನಿ ನೋಡ್ರಿ ಅಕ್ಕಾರ. ಹೆಂಗ ಐತಿ ಈಗ?'

'ಎಐಎಸ್ ಹೋತು. ನಮ್ಮಿಂದ ನಿಮ್ಮತನಕ ಬರೋಬರಿ ಐತಿ. ತಪ್ಪು ನಿಮ್ಮಿಂದ ಮುಂದ.'

'ಹಂಗಾರ ನಾ ಹೊಂಟೆ. ಲೂಪ್ ಬಿಚ್ಚೇನಿ, ಬರಕೊಳ್ರಿ.'

ಈ ಕಡೆಯ ಮಾತರಿಯದವರಿಗೆ ಒಂದು ವಿವರಣೆ. ನಾವು ಕಳಿಸಿದ್ದನ್ನೇ ಆ ತುದಿಯಲ್ಲಿ ತಿರುಗಿಸಿ ನಮಗೇ ವಾಪಸು ಬರುವಂತೆ ಜೋಡಿಸಿದರೆ ಅದು ಲೂಪ್. ದಾರಿಯ ಅಷ್ಟು ಭಾಗ ಸರಿಯಿದೆಯೇ ಎಂದು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಅವರು 'ಬರಕೊಳ್ರಿ' ಎಂದು ಪ್ರತಿಸಲ ಒತ್ತಿ ಹೇಳುತ್ತಿದ್ದುದಕ್ಕೆ ಕಾರಣವಿತ್ತು. ಲೂಪನ್ನು ಬಿಚ್ಚಲು ಮರೆತರೆ ನಮ್ಮ ಪರದೆಯಲ್ಲಿ ಎಲ್ಲವೂ ಹಸಿರಾಗಿಯೇ ಕಾಣುತ್ತದೆ. ಯಂತ್ರಕ್ಕೆ ತನ್ನದೇ ದನಿ ಕೇಳಿಸುತ್ತಿರುತ್ತದೆ, ಅದು ತೃಪ್ತವಾಗಿರುತ್ತದೆ. ಊರಿನಲ್ಲಿ ಒಂದು ಫೋನೂ ನಡೆಯುತ್ತಿರುವುದಿಲ್ಲ.

ಈಚೆಗೆ ಇದು ನನಗೆ ಮತ್ತೆ ಮತ್ತೆ ನೆನಪಾಗುತ್ತಿದೆ. ನನ್ನ ನಾದಿನಿಯ ಮನೆ ಕಣಕುಂಬಿ ರಸ್ತೆಯ ಕಡೆ. ಕಳೆದ ಮಳೆಗಾಲದಲ್ಲಿ ಅವಳ ಊರಿನ ಟವರ್ ದಿನಗಟ್ಟಲೆ ನಿಂತಿತ್ತು. ಅವಳ ಮಗ ಖಾನಾಪುರಕ್ಕೆ ಬಂದಾಗ ಕಂಪನಿಯೊಂದರ ಗ್ರಾಹಕ ಸೇವೆಗೆ ಫೋನ್ ಮಾಡಿ ದೂರು ಕೊಟ್ಟ. ಸಂಜೆಯೊಳಗೆ 'ನಿಮ್ಮ ದೂರು ಬಗೆಹರಿದಿದೆ' ಎಂಬ ಎಸ್‌ಎಂಎಸ್ ಬಂತು. ಆ ಎಸ್‌ಎಂಎಸ್ ಅವನಿಗೆ ಮುಟ್ಟಿದ್ದು ಅವನು ಖಾನಾಪುರದಲ್ಲಿ ಇದ್ದದ್ದಕ್ಕೆ. ಊರಲ್ಲಿದ್ದಿದ್ದರೆ ದೂರು ಬಗೆಹರಿದ ಸುದ್ದಿಯೂ ಮುಟ್ಟುತ್ತಿರಲಿಲ್ಲ! ಯಾವುದೋ ಕಚೇರಿಯ ಗಣಕದಲ್ಲಿ ಆ ದೂರಿನ ಸಾಲು ಹಸಿರಾಗಿದೆ. ಬಿಚ್ಚದ ಲೂಪ್ ಎಂದರೆ ಇದೇ.

ಈಗ ಅಳತೆಯ ಮಾತಿಗೆ ಬರುತ್ತೇನೆ, ನನ್ನ ತಕರಾರಿನ ತಿರುಳು ಅಲ್ಲಿದೆ. ಡಿಜಿಟಲ್ ಲಿಂಕುಗಳಿಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, ಮಾಡಿಟ್ಟ ಒಂದು ನಿಯಮವಿದೆ. ತಪ್ಪುಗಳು ವಿಪರೀತವಾದ ಸೆಕೆಂಡುಗಳು ಬಿಡುವಿಲ್ಲದೆ 10 ಬಂದರೆ ಆ ಲಿಂಕು 'ಲಭ್ಯವಿಲ್ಲ' ಎಂದು ಲೆಕ್ಕ. ಆ ಮೊದಲ 10 ಸೆಕೆಂಡುಗಳನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಮತ್ತೆ 10 ಒಳ್ಳೆಯ ಸೆಕೆಂಡು ಸತತವಾಗಿ ಬರುವವರೆಗೆ ಅದು ಸರಿಯಾಯಿತು ಎನ್ನುವಂತಿಲ್ಲ. ಯಂತ್ರದ ಲೆಕ್ಕ ಅಷ್ಟು ಬಿಗಿ.

ಜನರ ಪಾಲಿಗೆ ಇರುವ ಲೆಕ್ಕ ನೋಡಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರ ಆಗಸ್ಟ್‌ನಲ್ಲಿ ಸೇವಾ ಗುಣಮಟ್ಟದ ಹೊಸ ನಿಯಮಗಳನ್ನು ಹೊರಡಿಸಿತು. ಆ ವರ್ಷದ ಅಕ್ಟೋಬರ್ 1ರಿಂದ ಅವು ಜಾರಿಗೆ ಬಂದವು. ಅದರಲ್ಲಿ ಒಳ್ಳೆಯ ಅಂಶಗಳಿವೆ, ಇಲ್ಲವೆನ್ನುವುದಿಲ್ಲ. ದೊಡ್ಡ ಸ್ಥಗಿತವಾದರೆ ಕಂಪನಿ 24 ತಾಸಿನೊಳಗೆ ಟ್ರಾಯ್‌ಗೆ ವರದಿ ಮಾಡಬೇಕು. ಸ್ಥಗಿತ 24 ತಾಸು ಮೀರಿದರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್ ಗ್ರಾಹಕರಿಗೆ ಅವಧಿ ವಿಸ್ತರಣೆ ಕೊಡಬೇಕು. ಆದರೆ ದೊಡ್ಡ ಸ್ಥಗಿತ ಎನ್ನಿಸಿಕೊಳ್ಳಲು ಇಡೀ ಜಿಲ್ಲೆಯ ಗ್ರಾಹಕರಿಗೆ ಸೇವೆ ನಿಂತಿರಬೇಕು, ಅದೂ 4 ತಾಸು ಮೀರಿ.

ಬೆಳಗಾವಿ ಜಿಲ್ಲೆಯ ವಿಸ್ತೀರ್ಣ 13,415 ಚದರ ಕಿಲೋಮೀಟರು. 2011ರ ಜನಗಣತಿಯಲ್ಲೇ 47 ಲಕ್ಷ ದಾಟಿದ ಜನ. ಅಥಣಿಯ ಕಬ್ಬಿನ ಗದ್ದೆಯಿಂದ ಚೋರ್ಲಾ ಘಾಟಿನ ಮಳೆಕಾಡಿನವರೆಗೆ ಎಲ್ಲವೂ ಒಂದೇ ಜಿಲ್ಲೆ. ಇಷ್ಟೂ ಕಡೆ ಒಟ್ಟಿಗೆ ಫೋನ್ ನಿಲ್ಲಬೇಕಾದರೆ ಪ್ರಳಯವೇ ಆಗಬೇಕು. ಆಮಗಾಂವ, ಗವಾಳಿ, ಕೊಂಗಳಾ, ಪಾಸ್ತೋಳಿಗಳಲ್ಲಿ ಹದಿನೈದು ದಿನ ಸದ್ದೇ ಇಲ್ಲದಿದ್ದರೂ ಈ ನಿಯಮದ ಕಣ್ಣಿಗೆ ಬೆಳಗಾವಿ ಜಿಲ್ಲೆ ಸುಖವಾಗಿದೆ.

ಟವರುಗಳು ಎಷ್ಟು ಹೊತ್ತು ನಿಂತಿದ್ದವು ಎಂಬ ಲೆಕ್ಕವೂ ನಿಯಮಗಳಲ್ಲಿ ಇದೆಯಲ್ಲ ಎಂದು ಗೊತ್ತಿದ್ದವರು ಕೇಳುತ್ತಾರೆ. ಇದೆ. ಟವರುಗಳ ಒಟ್ಟು ನಿಂತ ಅವಧಿ ಶೇಕಡಾ 2 ಮೀರಬಾರದು ಎಂಬ ಮಿತಿ 2009ರ ನಿಯಮಗಳಿಂದಲೇ ಬಂದದ್ದು. ಆದರೆ ಅದು ಇಡೀ ಸೇವಾ ವಲಯದ ಸರಾಸರಿ. ಕಾಗದ ಪೆನ್ಸಿಲ್ ಹಿಡಿದು ನೋಡೋಣ. ಒಂದು ವಲಯದಲ್ಲಿ 1,000 ಟವರು ಇವೆ ಎನ್ನಿ. ತಿಂಗಳಿಗೆ 720 ತಾಸಿನಂತೆ ಒಟ್ಟು 7 ಲಕ್ಷ 20 ಸಾವಿರ ತಾಸು. ಅದರಲ್ಲಿ ಕಾಡಿನ 5 ಟವರುಗಳು ತಲಾ 10 ದಿನ ನಿಂತವು, ಉಳಿದವು ಚೆನ್ನಾಗಿದ್ದವು. ನಿಂತದ್ದು 1,200 ತಾಸು. ಶೇಕಡಾವಾರು ತೆಗೆದರೆ 0.17. ಕಂಪನಿ ಮೊದಲ ದರ್ಜೆಯಲ್ಲಿ ಪಾಸು. ಆ 5 ಊರುಗಳಿಗೆ ತಿಂಗಳಿನ ಮೂರನೇ ಒಂದು ಭಾಗ ಫೋನಿಲ್ಲ. ಸರಾಸರಿಯಲ್ಲಿ ಕಾಡು ಕರಗಿಹೋಗುತ್ತದೆ.

ಬೆಳಗಾವಿ ನಗರದ ಕಥೆ ಬೇರೆ. ಇಲ್ಲಿಗೆ ಧಾರವಾಡದ ಕಡೆಯಿಂದಲೂ ಕೇಬಲ್ ಬರುತ್ತದೆ, ಕೊಲ್ಹಾಪುರದ ಕಡೆಯಿಂದಲೂ ಬರುತ್ತದೆ. ಎರಡು ದಾರಿ ಸೇರಿಸಿ ರಿಂಗ್ ಕಟ್ಟಿದರೆ ಒಂದು ಕಡೆ ಕಡಿದಾಗ ಸಿಗ್ನಲ್ ತಾನೇ ಇನ್ನೊಂದು ಕಡೆಗೆ ಹೊರಳುತ್ತದೆ. ಎಸ್‌ಡಿಎಚ್ ಎಂಬ ವ್ಯವಸ್ಥೆಯಲ್ಲಿ ಈ ಹೊರಳಿಕೆಗೆ ನಿಗದಿ ಮಾಡಿದ ಕಾಲ 50 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಟಿಳಕವಾಡಿಯಲ್ಲಿ ಮಾತಾಡುತ್ತಿರುವವರಿಗೆ ಗೊತ್ತೇ ಆಗುವುದಿಲ್ಲ. ನಗರದಿಂದ ಪೀರನವಾಡಿ, ಮಚ್ಛೆ, ದೇಸೂರ ದಾಟಿ ಖಾನಾಪುರ ಪಟ್ಟಣದವರೆಗೂ ಅಷ್ಟೇನೂ ಕೊರತೆಯಿಲ್ಲ. ಇಪ್ಪತ್ತೈದು ಕಿಲೋಮೀಟರಿನ ಹೆದ್ದಾರಿ, ಪಕ್ಕದಲ್ಲೇ ರೈಲುಹಳಿ. ಮಲಪ್ರಭೆಯನ್ನು ದಾಟಿ ಪಶ್ಚಿಮಕ್ಕೆ ತಿರುಗಿದ ಮೇಲೆ ಚಿತ್ರ ಬದಲಾಗುತ್ತದೆ. ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು. ಅದರ ಒಳಗೂ ಅಂಚಿನಲ್ಲೂ ಹಳೆಯ ಊರುಗಳಿವೆ. ಮಳೆಯಲ್ಲಿ ಆಗುಂಬೆಯ ಜೊತೆ ಪೈಪೋಟಿಗೆ ನಿಲ್ಲುವ ಸೀಮೆ ಇದು. ಹಳ್ಳ ತುಂಬಿದರೆ ದಾರಿ ಬಂದ್. ರೋಗಿಯನ್ನು ಕಟ್ಟಿಗೆಯ ಡೋಲಿಯಲ್ಲಿ ಮಲಗಿಸಿ ಹೆಗಲ ಮೇಲೆ ಹೊತ್ತು ಡಾಂಬರು ರಸ್ತೆಗೆ ತರುವುದು ಇಂದಿಗೂ ನಡೆದಿದೆ. ಆ ರಸ್ತೆಗೆ ಅಂಬ್ಯುಲೆನ್ಸ್ ಬಂದು ನಿಂತಿರಬೇಕಾದರೆ ಯಾರಾದರೂ 108ಕ್ಕೆ ಫೋನ್ ಮಾಡಿರಬೇಕು. 112ಕ್ಕೆ ಯಾವ ಕಂಪನಿಯ ಟವರಿನಿಂದಲಾದರೂ ಕರೆ ಹೋಗುತ್ತದೆ, ನಿಜ. ಇರುವುದು ಒಂದೇ ಟವರು, ಅದೂ ನಿಂತಿದೆ ಎಂದಾಗ ಆ ಸೌಲಭ್ಯದಿಂದ ಏನು ಬಂತು?

(ಚಳಿಗಾಲದ ಅಧಿವೇಶನ ಸುವರ್ಣ ವಿಧಾನಸೌಧದಲ್ಲಿ ಡಿಸೆಂಬರಿನಲ್ಲಿ ನಡೆಯುತ್ತದೆ. ಅದನ್ನು ಒಮ್ಮೆ ಜುಲೈಗೆ ಇಟ್ಟು, ಸದಸ್ಯರನ್ನೆಲ್ಲ ಒಂದು ರಾತ್ರಿ ಕಣಕುಂಬಿಯ ಆಚೆ ವಾಸ್ತವ್ಯಕ್ಕೆ ಕಳಿಸಿದ್ದರೆ ನಾನು ಈ ಲೇಖನ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.)

ಕಾಡಿನ ಟವರು ಯಾಕೆ ನಿಲ್ಲುತ್ತದೆ? ಹೆಚ್ಚಾಗಿ ಟವರು ಕೆಟ್ಟು ಅಲ್ಲ. ಕರೆಂಟ್ ಹೋಗಿ, ಇಲ್ಲವೆ ಅದನ್ನು ಹೊರಗಿನ ಲೋಕಕ್ಕೆ ಜೋಡಿಸುವ ಲಿಂಕು ಹೋಗಿ. ಲಿಂಕು ಎಂದರೆ ನೆಲದಡಿಯ ಫೈಬರ್ ಇರಬಹುದು, ಗುಡ್ಡದಿಂದ ಗುಡ್ಡಕ್ಕೆ ಹಾರುವ ಮೈಕ್ರೋವೇವ್ ಇರಬಹುದು. 10 ಗಿಗಾಹರ್ಟ್ಸ್‌ಗಿಂತ ಮೇಲಿನ ಅಲೆಗಳನ್ನು ದೊಡ್ಡ ಮಳೆ ನುಂಗುತ್ತದೆ. ಆದರೆ ಫೈಬರ್ ತುಂಡಾಗುವುದೊಂದನ್ನು ಬಿಟ್ಟರೆ ಇವು ಯಾವುವೂ ದಿಢೀರನೆ ಆಗುವುದಿಲ್ಲ, ಇದೇ ಮುಖ್ಯ. ಮೈಕ್ರೋವೇವ್‌ನಲ್ಲಿ ಸಿಗ್ನಲಿನ ಮಟ್ಟ ಇಳಿಯುತ್ತ ಬರುವುದು ಕಾಣುತ್ತದೆ. ಲಕ್ಷಕ್ಕೆ ಒಂದು, ಹತ್ತು ಸಾವಿರಕ್ಕೆ ಒಂದು ಎಂದು ಬಿಟ್‌ಗಳ ತಪ್ಪು ಏರುತ್ತ ಹೋಗುತ್ತದೆ. ಸಾವಿರಕ್ಕೆ ಒಂದು ತಪ್ಪಾದಾಗ ಲಿಂಕು ಹೋದಂತೆಯೇ ಲೆಕ್ಕ.

ಕರೆಂಟಿನ ವಿಷಯದಲ್ಲಂತೂ ಮುನ್ಸೂಚನೆ ಇನ್ನೂ ಸ್ಪಷ್ಟ. ಟೆಲಿಕಾಂ ಸಲಕರಣೆಗಳು ನಡೆಯುವುದು ಮೈನಸ್ 48 ವೋಲ್ಟಿನ ಬ್ಯಾಟರಿಯ ಮೇಲೆ. ಗಾಳಿಮಳೆಗೆ ಮರ ಬಿದ್ದು ವಿದ್ಯುತ್ ತಂತಿ ಹರಿದ ಕೂಡಲೇ ಮೊದಲ ಅಲಾರಂ ಬರುತ್ತದೆ: ಮೇನ್ಸ್ ಫೇಲ್. ಟವರು ನಡೆಯುತ್ತಲೇ ಇರುತ್ತದೆ. ಊರಿನವರ ಫೋನಿನಲ್ಲಿ ಕಡ್ಡಿಗಳು ತುಂಬಿಯೇ ಇರುತ್ತವೆ. ಬ್ಯಾಟರಿ 54 ವೋಲ್ಟಿನಿಂದ ಮೆಲ್ಲಗೆ ಇಳಿಯಲು ತೊಡಗುತ್ತದೆ. ಹೊಸ ಬ್ಯಾಟರಿಯಾದರೆ ಬಹಳ ತಾಸು ತಡೆಯುತ್ತದೆ, ಹಳೆಯದಾದರೆ ಬೇಗ ಕೈಕೊಡುತ್ತದೆ. ಆಮೇಲೆ ಎರಡನೆಯ ಅಲಾರಂ: ಬ್ಯಾಟರಿ ಲೋ. ಆ ಹೊತ್ತಿಗೂ ಫೋನ್ ನಡೆಯುತ್ತಿರುತ್ತದೆ. ಕೊನೆಗೆ, ಬ್ಯಾಟರಿ ಪೂರ್ತಿ ಹಾಳಾಗದಿರಲೆಂದು ಯಂತ್ರವೇ ಸರಬರಾಜು ಕಡಿದು ಮಲಗುತ್ತದೆ.

ಮೊದಲ ಅಲಾರಮಿಗೂ ಟವರು ಮಲಗುವುದಕ್ಕೂ ನಡುವೆ ಕೆಲವು ತಾಸುಗಳಿವೆ. ಆ ತಾಸುಗಳಲ್ಲಿ ಏನೇನು ಮಾಡಿಕೊಳ್ಳಬಹುದು! ದಿನ ತುಂಬಿದ ಬಸುರಿಯನ್ನು ಖಾನಾಪುರದ ನೆಂಟರ ಮನೆಗೆ ಕಳಿಸಬಹುದು. ಗೋವೆಯಲ್ಲಿ ದುಡಿಯುವ ಮಗನಿಗೆ 'ನಾಳೆ ಫೋನ್ ಹತ್ತಲಿಕ್ಕಿಲ್ಲ, ಗಾಬರಿಯಾಗಬೇಡ' ಎನ್ನಬಹುದು. ಆಶಾ ಕಾರ್ಯಕರ್ತೆ ವೈದ್ಯರನ್ನು ಕೇಳಿಡಬಹುದು. ನ್ಯಾಯಬೆಲೆ ಅಂಗಡಿಯವರು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ಆ ಹೊತ್ತಿನೊಳಗೆ ಮುಗಿಸಬಹುದು. ಇಲ್ಲದಿದ್ದರೆ ನಾಲ್ಕು ಮೈಲಿ ನಡೆದು ಬಂದ ಮುದುಕಿಗೆ 'ಸರ್ವರ್ ಇಲ್ಲ, ನಾಳೆ ಬಾರವ್ವ' ಎನ್ನುತ್ತಾರೆ. ಅವಳು ನಾಳೆಯೂ ಬರುತ್ತಾಳೆ. ಈ ತಾಸುಗಳ ಸುದ್ದಿ ಎಲ್ಲಿದೆ? ದೂರದ ಆ ಪರದೆಯ ಮೇಲೆ, ಸೆಕೆಂಡಿನ ಲೆಕ್ಕದೊಂದಿಗೆ.

ಊರಿಗೆ ಹೇಳುವುದು ಕಷ್ಟದ ಕೆಲಸವೇ? 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಅನೇಕರ ಫೋನುಗಳು ಒಮ್ಮೆಲೇ ವಿಚಿತ್ರವಾಗಿ ಕೂಗಿಕೊಂಡದ್ದು ನೆನಪಿರಬಹುದು. ಅದು ವಿಪತ್ತಿನ ಎಚ್ಚರಿಕೆ ಕಳಿಸುವ ಸೆಲ್ ಬ್ರಾಡ್‌ಕಾಸ್ಟ್ ವ್ಯವಸ್ಥೆಯ ಪರೀಕ್ಷೆ. ನಮ್ಮದೇ ದೇಶದ ಸಿ-ಡಾಟ್ ಅದನ್ನು ಕಟ್ಟಿದ್ದು. ಎಸ್‌ಎಂಎಸ್ ಹೋಗುವುದು ಒಂದೊಂದು ನಂಬರಿಗೆ. ಸೆಲ್ ಬ್ರಾಡ್‌ಕಾಸ್ಟ್ ಹೊರಡುವುದು ಟವರಿನಿಂದ, ಅದರ ವ್ಯಾಪ್ತಿಯಲ್ಲಿರುವ ಎಲ್ಲ ಫೋನಿಗೂ ಒಂದೇ ಸಲಕ್ಕೆ. ಅಂದರೆ, ಬ್ಯಾಟರಿಯ ಮೇಲೆ ನಡೆಯುತ್ತಿರುವ ಟವರು ತನ್ನ ಕೆಳಗಿರುವ ಊರಿಗೆ ತಾನೇ ಹೇಳಬಲ್ಲದು. ಕನ್ನಡದಲ್ಲಿ ಒಂದು ಸಾಲು, ಮರಾಠಿಯಲ್ಲಿ ಒಂದು ಸಾಲು ಸಾಕು: 'ಕರೆಂಟ್ ಇಲ್ಲ. ಟವರ್ ಬ್ಯಾಟರಿಯಲ್ಲಿದೆ. ಸಂಜೆಯ ಹೊತ್ತಿಗೆ ನಿಲ್ಲಬಹುದು.' ಅಪಾಯದ ಎಚ್ಚರಿಕೆಯಂತೆ ಅದು ಕೂಗಬೇಕಾಗಿಯೂ ಇಲ್ಲ, ಸದ್ದಿಲ್ಲದೆ ಬಂದರೂ ಆದೀತು. ಅದೇ ಸುದ್ದಿ ಪಂಚಾಯಿತಿಯ ಪಿಡಿಒಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ವಿದ್ಯುತ್ ಕಚೇರಿಗೆ, ಅರಣ್ಯದ ಚೌಕಿಗೆ ತಾನಾಗಿಯೇ ಹೋಗಲಿ. ಸರಿಯಾದ ಮೇಲೆ ಇನ್ನೊಂದು ಸಾಲು ಬರಲಿ.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು, ಕೆಲವನ್ನು ಒಂದು ಕಾಲದಲ್ಲಿ ನಾನೇ ಹೇಳುತ್ತಿದ್ದೆನೇನೋ. ಅಲಾರಂಗಳು ಸಾವಿರ ಬರುತ್ತವೆ, ಎಲ್ಲವನ್ನೂ ಜನರಿಗೆ ತೋರಿಸಿದರೆ ಗದ್ದಲವಾಗುತ್ತದೆ ಎನ್ನುವುದು ಮೊದಲನೆಯದು. ಒಂದು ಫೈಬರ್ ಕಡಿದರೆ ಅದರ ಮೇಲಿನ ನೂರಾರು ಲಿಂಕುಗಳೂ ಒಟ್ಟಿಗೆ ಕೂಗುತ್ತವೆ, ರೂಮು ಹುಚ್ಚು ಹಿಡಿದಂತೆ ಆಗುತ್ತದೆ ಎಂಬುದು ನಿಜ. ಅದಕ್ಕಾಗಿ ನಮ್ಮ ರ‍್ಯಾಕುಗಳಲ್ಲಿ ಎಸಿಒ ಎಂಬ ಗುಂಡಿ ಇರುತ್ತಿತ್ತು. ಒತ್ತಿದರೆ ಬಝರ್ ನಿಲ್ಲುತ್ತದೆ, ದೀಪ ಆರುವುದಿಲ್ಲ. ಆದರೆ ಗದ್ದಲದಿಂದ ಮೂಲ ಕಾರಣವನ್ನು ಬೇರ್ಪಡಿಸುವ ಉಪಾಯ ಎಐಎಸ್‌ನಲ್ಲೇ ಇತ್ತು; ಈಗಿನ ತಂತ್ರಾಂಶ ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ. ಜನರಿಗೆ ಬೇಕಿರುವುದು ಸಾವಿರ ಅಲಾರಂ ಅಲ್ಲ, ತಮ್ಮ ಊರಿನ ಒಂದು. ಅದೂ ಕಾಲು ತಾಸು ಮೀರಿ ಉಳಿದದ್ದು ಮಾತ್ರ.

ಇದು ವ್ಯಾಪಾರದ ಗುಟ್ಟು, ಪ್ರತಿಸ್ಪರ್ಧಿಗೆ ತಿಳಿಯಬಾರದು ಎನ್ನುವುದು ಇನ್ನೊಂದು. ಊರಿನ ಫೋನೇ ಸತ್ತಿರುವಾಗ ಅದು ಎಂಥ ಗುಟ್ಟು? ಅದೂ ಅಲ್ಲದೆ, ಎಲ್ಲೆಲ್ಲಿ ಯಾವ ಸೇವೆ ಸಿಗುತ್ತದೆ ಎಂಬ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಹಾಕಬೇಕೆಂದು ಟ್ರಾಯ್‌ನ ಅದೇ ನಿಯಮಗಳು ಹೇಳುತ್ತವೆ. ಆ ನಕ್ಷೆ ಹೇಳುವುದು ಟವರು ಇದ್ದರೆ ಎಲ್ಲಿಯವರೆಗೆ ಮುಟ್ಟೀತು ಎಂಬುದನ್ನು. ಈ ಹೊತ್ತು ಆ ಟವರು ಉಸಿರಾಡುತ್ತಿದೆಯೇ ಎಂಬುದನ್ನಲ್ಲ. ನಕ್ಷೆಯ ಮೇಲೆ ಹಸಿರು ಬಳಿಯುವುದಕ್ಕೆ ಆಗುತ್ತದೆಂದಾದರೆ ಅದರ ಮೇಲೆ ಕೆಂಪು ಚುಕ್ಕೆ ಇಡುವುದಕ್ಕೂ ಆಗಬೇಕು. ಜನ ಗಾಬರಿಯಾಗುತ್ತಾರೆ ಎಂಬ ಮೂರನೆಯ ಮಾತಿಗೆ ನಾನು ಉತ್ತರ ಕೊಡುವುದಿಲ್ಲ. ಕರಡಿ ತಿರುಗುವ ದಾರಿಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವ ಜನ ಅವರು.

ಫೈಬರಿನ ಬಗ್ಗೆಯೂ ಎರಡು ಮಾತು. ಗೋವಾ ಹೆದ್ದಾರಿಯಿರಲಿ, ಹಳ್ಳಿಯ ನೀರಿನ ಪೈಪಿರಲಿ, ಅಗೆಯುವ ಕೆಲಸ ಬಂದಲ್ಲೆಲ್ಲ ಜೆಸಿಬಿಯ ಹಲ್ಲಿಗೆ ಮೊದಲು ಸಿಗುವುದು ಕೇಬಲ್. ಕಡಿದ ಜಾಗ ಹುಡುಕಲು ಓಟಿಡಿಆರ್ ಎಂಬ ಸಲಕರಣೆಯಿದೆ. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ತುಂಡಾದ ಕಡೆಯಿಂದ ಅದು ಹಿಂತಿರುಗಿ ಬರಲು ಹಿಡಿದ ಕಾಲದಿಂದ ದೂರ ಅಳೆಯುತ್ತಾರೆ. ಆದರೆ ಓಟಿಡಿಆರ್ ಹೇಳುವುದು ಕೇಬಲಿನ ಉದ್ದ, ರಸ್ತೆಯ ಉದ್ದವಲ್ಲ. ಜಾಯಿಂಟುಗಳಲ್ಲಿ ಸುತ್ತಿಟ್ಟ ಹೆಚ್ಚುವರಿ ಕೇಬಲನ್ನು ಕಳೆದು, ಯಾವ ಮೋರಿ, ಯಾವ ಮಾವಿನ ಮರ ಎಂದು ಹೇಳಲು ನಮ್ಮ ಕಾಕಾನಂಥವರೇ ಬೇಕಾಗುತ್ತಿತ್ತು. ಈಗ ಅಂಥವರು ನಿವೃತ್ತರಾಗಿ ಹೋದರು. ಅವರ ಜಾಗದಲ್ಲಿ ಗುತ್ತಿಗೆಯ ಹುಡುಗರು ಬಂದಿದ್ದಾರೆ. ಚುರುಕಾದ ಹುಡುಗರೇ, ಆದರೆ ಇವತ್ತು ಖಾನಾಪುರ, ನಾಳೆ ಚಿಕ್ಕೋಡಿ. ಅಗೆಯುವ ಮೊದಲು ಕೇಬಲಿನ ಮಾಲೀಕರಿಗೆ ಸುದ್ದಿ ಮುಟ್ಟಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪನ್ನು ಬಿಡುಗಡೆ ಮಾಡಿದೆ. ಪಂಚಾಯಿತಿಯ ಕಾಮಗಾರಿ ಬಿಲ್ಲಿಗೆ ಆ ಆ್ಯಪಿನ ರಸೀದಿ ಲಗತ್ತಿಸಬೇಕೆಂದು ಒಂದು ಸುತ್ತೋಲೆ ಹೊರಟರೆ ಅರ್ಧ ಕೆಲಸ ಆದಂತೆ. ಪಂಚಾಯಿತಿಗಳಿಗೆ ಫೈಬರನ್ನು ರಿಂಗ್ ರೂಪದಲ್ಲಿ ಒಯ್ಯುವ ಭಾರತ್‌ನೆಟ್‌ನ ಪರಿಷ್ಕೃತ ಯೋಜನೆಗೆ 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿ ಮಂಜೂರಾಗಿದೆ. ರಿಂಗ್ ಎಂಬ ಮಾತು ಕಾಗದದಲ್ಲಿದೆ, ಸಂತೋಷ. ಎರಡೂ ದಾರಿಗಳನ್ನು ಒಂದೇ ಚರಂಡಿಯಲ್ಲಿ ಹೂತಿಟ್ಟು ರಿಂಗ್ ಎಂದು ಕರೆಯದಂತೆ ನೋಡಿಕೊಳ್ಳಬೇಕು.

ಹಳ್ಳಿಯನ್ನು ಲೆಕ್ಕದಲ್ಲಿ ಇಟ್ಟುಕೊಂಡು ಟೆಲಿಕಾಂ ಯಂತ್ರ ಕಟ್ಟಿದ್ದು ನಮ್ಮ ಜಿಲ್ಲೆಗೆ ಹೊಸದಲ್ಲ. 1984ರಲ್ಲಿ ಸಿ-ಡಾಟ್ ಹುಟ್ಟಿತು. ಅದು ಮಾಡಿದ 128 ಪೋರ್ಟುಗಳ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಮೊಟ್ಟಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ಕಿತ್ತೂರಿನಲ್ಲಿ. ಆಗಿನ ವಿದೇಶಿ ಎಕ್ಸ್‌ಚೇಂಜುಗಳಿಗೆ ತಂಪು ಕೋಣೆ ಬೇಕಿತ್ತು. ಸ್ಯಾಮ್ ಪಿತ್ರೋಡಾ ಮತ್ತು ಅವರ ಜೊತೆಗಿದ್ದ ಹುಡುಗ ಹುಡುಗಿಯರು ಎಸಿ ಇಲ್ಲದೆ, ಧೂಳಿನಲ್ಲಿ, ಸೆಕೆಯಲ್ಲಿ ನಡೆಯುವಂಥದ್ದನ್ನು ಕಟ್ಟಿದರು, ಯಾಕೆಂದರೆ ಹಳ್ಳಿಯಲ್ಲಿ ಇರುವುದೇ ಅದು. 2025ರ ಸೆಪ್ಟೆಂಬರಿನಲ್ಲಿ ಲೋಕಾರ್ಪಣೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯ ತಿರುಳಿನಲ್ಲಿರುವುದೂ ಅದೇ ಸಿ-ಡಾಟ್‌ನ ತಂತ್ರಜ್ಞಾನ, ಟವರಿನ ರೇಡಿಯೋ ಸಲಕರಣೆ ಬೆಂಗಳೂರಿನ ತೇಜಸ್ ಕಂಪನಿಯದು. ತಂತ್ರಾಂಶ ನಮ್ಮದೇ ಕೈಯಲ್ಲಿರುವಾಗ ಅಲಾರಂ ಯಾರಿಗೆ ಹೋಗಬೇಕು ಎಂದು ಬದಲಿಸಲು ಸ್ವೀಡನ್‌ಗೋ ಚೀನಾಕ್ಕೋ ಪತ್ರ ಬರೆಯಬೇಕಾಗಿಲ್ಲ. ಕಿತ್ತೂರಿನಿಂದ ಖಾನಾಪುರದ ಕಾಡು ಎಷ್ಟು ದೂರ!

ದೊಡ್ಡ ನಿಯಮ ಬದಲಾಗಲು ದಿಲ್ಲಿಯಲ್ಲಿ ಸಮಾಲೋಚನಾ ಪತ್ರ, ಅಭಿಪ್ರಾಯ ಸಂಗ್ರಹ, ಕರಡು ಎಂದು ವರ್ಷಗಳು ಹಿಡಿಯುತ್ತವೆ. ಅಲ್ಲಿಯತನಕ ಸುಮ್ಮನಿರಬೇಕಿಲ್ಲ. ತಾಲ್ಲೂಕಿನಲ್ಲಿ ಕೆಡಿಪಿ ಸಭೆ ನಡೆಯುತ್ತದೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಟೆಲಿಕಾಂ ಸಮಿತಿ ಇದೆ. ಅಲ್ಲಿ ಪ್ರತಿಸಲ 'ನೆಟ್‌ವರ್ಕ್ ಸಮಸ್ಯೆ ಇದೆ, ಸರಿಪಡಿಸಿ' ಎಂದು ಕೇಳಲಾಗುತ್ತದೆ, 'ಸರಿಪಡಿಸುತ್ತೇವೆ' ಎಂದು ಉತ್ತರ ಬರುತ್ತದೆ, ನಡಾವಳಿ ಬರೆಯುತ್ತಾರೆ, ಚಹಾ ಬರುತ್ತದೆ. ಖಾನಾಪುರದ ಪಂಚಾಯಿತಿ ಸದಸ್ಯರು, ಅದರಲ್ಲೂ ಹೆಣ್ಣುಮಕ್ಕಳು, ಈ ಸಲ ಪ್ರಶ್ನೆ ಬದಲಿಸಿ ಕೇಳಬೇಕು. ಕಳೆದ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಜಾಂಬೋಟಿ, ಕಣಕುಂಬಿ, ಹೆಮ್ಮಡಗಾ, ಲೋಂಡಾ ಸುತ್ತಲಿನ ಒಂದೊಂದು ಟವರಿನ ಅಲಾರಂ ಲಾಗ್ ಮುದ್ರಿಸಿ ತನ್ನಿ ಎನ್ನಬೇಕು. ಮೇನ್ಸ್ ಎಷ್ಟು ಗಂಟೆಗೆ ಹೋಯಿತು, ಬ್ಯಾಟರಿ ಎಷ್ಟು ತಾಸು ತಡೆಯಿತು, ಲಿಂಕು ಯಾವಾಗ ಬಿತ್ತು, ಯಾರು ಎಷ್ಟು ಹೊತ್ತಿಗೆ ಹೊರಟರು, ಯಾವಾಗ ಎದ್ದಿತು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಇಲ್ಲ ಎಂದು ಅವರು ಹೇಳಿದರೆ ನಂಬಬೇಡಿ. ಅಲಾರಂ ಲಾಗ್ ಇಲ್ಲದ ಟ್ರಾನ್ಸ್‌ಮಿಷನ್ ರೂಮನ್ನು ನಾನು ಕಂಡಿಲ್ಲ.